ಹೆಬ್ಬೆಟ್ಟಿನ ಪುನರಾಗಮನ



ತೊಂಬತ್ತರ ದಶಕದಲ್ಲಿ ಸಾಕ್ಷರತಾ ಆಂದೋಲನ ನಡೆದಾಗ ನಾನು ಲಿಂಗಸುಗೂರು ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಹಶಿಕ್ಷಕನಾಗಿದ್ದೆ. ಹಗಲು ಹತ್ತನೆಯ ತರಗತಿಯ ಮಕ್ಕಳಿಗೆ ಸಂಧಿ-ಸಮಾಸ. ರಾತ್ರಿ ಕಂದೀಲಿನ ಬೆಳಕಿನಲ್ಲಿ ಅವರ ತಾಯಂದಿರಿಗೆ ಅ, ಆ, ಇ, ಈ. ಅಂದಿನ ನಮ್ಮ ಗುರಿ ಒಂದೇ: ಜನ ಹೆಬ್ಬೆಟ್ಟು ಬಿಟ್ಟು ಸಹಿ ಕಲಿಯಬೇಕು. ನಮ್ಮ ಸೀಮೆಯಲ್ಲಿ ‘ಹೆಬ್ಬೆಟ್ಟು’ ಎಂಬುದು ಬೆರಳಿನ ಹೆಸರು ಮಾತ್ರವಲ್ಲ, ಅಕ್ಷರ ಬಾರದವರಿಗೆ ಇಟ್ಟ ಬೈಗುಳವೂ ಹೌದು. ಆ ಕಳಂಕವನ್ನು ತೊಳೆಯಲು ನಾವು ಪಟ್ಟ ಪಾಡು ಅಷ್ಟಿಷ್ಟಲ್ಲ.

ಮೂರು ದಶಕಗಳು ಉರುಳಿದವು. ಈಗ ಪಡಿತರ ಅಂಗಡಿಯಲ್ಲಿ ಹೆಬ್ಬೆಟ್ಟು, ಸಿಮ್ ಕೊಳ್ಳುವಲ್ಲಿ ಹೆಬ್ಬೆಟ್ಟು, ಉಪನೋಂದಣಿ ಕಚೇರಿಯಲ್ಲಿ ಹೆಬ್ಬೆಟ್ಟು. ನಾನಿನ್ನೂ ಬದುಕಿದ್ದೇನೆಂದು ಸರ್ಕಾರಕ್ಕೆ ಮನವರಿಕೆ ಮಾಡಿಕೊಡುವುದಕ್ಕೂ ಅದೇ ಹೆಬ್ಬೆಟ್ಟು. ಬಿ.ಎ., ಬಿ.ಇಡಿ. ಮುಗಿಸಿ, ಮೂವತ್ತು ವರ್ಷಗಳಿಗೂ ಮಿಕ್ಕಿ ಪಾಠ ಹೇಳಿದವನು ಕೊನೆಗೆ ಹೆಬ್ಬೆಟ್ಟಿನ ಸರದಿಯಲ್ಲಿ ನಿಂತಿದ್ದೇನೆ. ನಾವು ಹೆಬ್ಬಾಗಿಲಿನಿಂದ ಕಳಿಸಿಕೊಟ್ಟವನು ಗಣಕಯಂತ್ರವನ್ನೇರಿ ಹಿತ್ತಿಲ ಬಾಗಿಲಿನಿಂದ ಮರಳಿದ್ದಾನೆ!

ಅಂದು ನನ್ನ ರಾತ್ರಿ ಶಾಲೆಗೆ ಬರುತ್ತಿದ್ದ ತಾಯಿಯೊಬ್ಬರು ಇಂದು ಮಸ್ಕಿಯಲ್ಲಿ ನಮ್ಮ ಓಣಿಯಲ್ಲೇ ಇದ್ದಾರೆ. ಆರು ತಿಂಗಳು ಹೆಣಗಿ ತಮ್ಮ ಹೆಸರು ಬರೆಯಲು ಕಲಿತವರು. ಆ ಸಹಿಯನ್ನು ಈಗ ಯಾರೂ ಕೇಳುವುದಿಲ್ಲ. ಪಿಂಚಣಿ ಪಡೆಯಲು ಬ್ಯಾಂಕ್ ಮಿತ್ರನ ಪುಟ್ಟ ಯಂತ್ರದ ಮೇಲೆ ಬೆರಳಿಡಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ಸಿಂಧನೂರಿನ ಗದ್ದೆಗಳಲ್ಲಿ ಎಷ್ಟೋ ವರ್ಷ ಭತ್ತದ ಸಸಿ ನೆಟ್ಟು, ನಮ್ಮ ಎರೆ ಹೊಲಗಳಲ್ಲಿ ಹತ್ತಿ ಬಿಡಿಸಿ ಸವೆದ ಬೆರಳು ಅದು. ಯಂತ್ರ ಒಪ್ಪುವುದಿಲ್ಲ. ಬೆರಳನ್ನು ಸೆರಗಿಗೆ ಒರೆಸಿಕೊಂಡು ನಾಲ್ಕನೆಯ ಸಲ ಒತ್ತಿದಾಗಲೂ ಕೆಂಪು ದೀಪವೇ ಬಂದದ್ದನ್ನು ಕಂಡು ಅವರು ನನ್ನತ್ತ ತಿರುಗಿ, “ನಾ ಯಾರಂತ ನನ್ನ ಬೆಳ್ಳಿಗೇ ಗೊತ್ತಾಗವಲ್ದು ನೋಡ್ರಿ ಸರ” ಎಂದರು. ಸುತ್ತಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ.

ಇದೇ ಸಂಗತಿಯನ್ನು ಕಳೆದ ದೀಪಾವಳಿಗೆ ಊರಿಗೆ ಬಂದಿದ್ದ ಹಳೆಯ ಶಿಷ್ಯನೊಬ್ಬನ ಮುಂದಿಟ್ಟೆ. ಸಿಂಧನೂರಿನ ಹುಡುಗ, ಬೆಂಗಳೂರಿನಲ್ಲಿ ತಂತ್ರಾಂಶ ಬರೆಯುವವನು. ತನ್ನ ಕಸುಬನ್ನೇ ಗೇಲಿ ಮಾಡುವ ಅಪರೂಪದ ಗುಣ ಅವನದು. 2024ರ ಜುಲೈ 19ರಂದು, ಗಣಕಗಳನ್ನು ಕಾಯಬೇಕಾದ ಕಾವಲು ತಂತ್ರಾಂಶವೊಂದರ ಕೆಟ್ಟ ಪರಿಷ್ಕರಣೆಯಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಗಣಕಗಳು ಕುಸಿದು, ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಚೀಟಿ ಕೊಟ್ಟಾಗ, “ಸರ್, ಕಡೆಗೂ ನಿಮ್ಮ ಕಾಪಿ ಪುಸ್ತಕದ ಅಭ್ಯಾಸವೇ ವಿಮಾನ ಹಾರಿಸಿತು” ಎಂದು ಫೋನಿನಲ್ಲಿ ನಕ್ಕವನು ಅವನು.

ಬೆರಳಿನ ಮಾತು ಬಂದೊಡನೆ ಅವನು ಪುರಾಣವನ್ನೇ ಬಿಚ್ಚಿದ. 2002ರಲ್ಲಿ ಜಪಾನಿನ ತ್ಸುತೊಮು ಮಾತ್ಸುಮೊತೊ ಎಂಬ ವಿದ್ವಾಂಸರು ಮಿಠಾಯಿಗೆ ಬಳಸುವ ಜೆಲಟಿನ್‌ನಿಂದ ಬೆರಳು ಎರಕ ಹೊಯ್ದು ಅಂದಿನ ಬೆರಳಚ್ಚು ಯಂತ್ರಗಳನ್ನು ಮರುಳು ಮಾಡಿ ತೋರಿಸಿದರಂತೆ. 2008ರಲ್ಲಿ ಜರ್ಮನಿಯ ‘ಕೇಆಸ್ ಕಂಪ್ಯೂಟರ್ ಕ್ಲಬ್’ ಆ ದೇಶದ ಗೃಹಸಚಿವರ ಬೆರಳಚ್ಚನ್ನೇ ತನ್ನ ಪತ್ರಿಕೆಯಲ್ಲಿ ಪ್ರಕಟಿಸಿಬಿಟ್ಟಿತು. 2015ರಲ್ಲಿ ಅಮೆರಿಕದ ಸಿಬ್ಬಂದಿ ಇಲಾಖೆಯಿಂದ 56 ಲಕ್ಷ ನೌಕರರ ಬೆರಳಚ್ಚುಗಳು ಕಳುವಾದವು. “ಅವರಿಗೆಲ್ಲ ‘ದಯವಿಟ್ಟು ನಿಮ್ಮ ಗುಪ್ತಪದ ಬದಲಿಸಿಕೊಳ್ಳಿ’ ಎಂದು ಪತ್ರ ಬರೆಯಬೇಕಿತ್ತು, ಸರ್. ಆದರೆ ಮನುಷ್ಯನಿಗೆ ಹತ್ತು ಸಲ ಬದಲಿಸುವಷ್ಟು ಮಾತ್ರ ದಾಸ್ತಾನು ಇದೆ” ಎಂದ.

ಜಪಾನು, ಜರ್ಮನಿಗಳು ದೂರದವು ಎನ್ನುವಿರಾದರೆ ಹತ್ತಿರಕ್ಕೇ ಬರೋಣ. 2018ರಲ್ಲಿ ನೆರೆಯ ತೆಲಂಗಾಣದಲ್ಲಿ ಸಿಮ್ ಮಾರುವವನೊಬ್ಬ ತನ್ನ ಮಾರಾಟದ ಗುರಿ ಮುಟ್ಟಲು, ಜಾಲತಾಣದಲ್ಲಿದ್ದ ಜಮೀನಿನ ನೋಂದಣಿ ಪತ್ರಗಳಿಂದ ಹೆಬ್ಬೆಟ್ಟುಗಳನ್ನು ಎತ್ತಿ ರಬ್ಬರಿನಲ್ಲಿ ಅಚ್ಚು ಹಾಕಿದ್ದು ಬಯಲಾಯಿತು. ಐದು ವರ್ಷಗಳ ಬಳಿಕ, 2023ರಲ್ಲಿ, ಅದೇ ಆಟ ನಮ್ಮ ರಾಜ್ಯದಲ್ಲಿ ನಡೆಯಿತು. ಆಸ್ತಿ ನೋಂದಣಿ ಮಾಡಿಸಿದ ಮಂಗಳೂರಿನ ಹಲವರ ಖಾತೆಗಳಿಂದ ಹಣ ಮಾಯವಾಯಿತು. ‘ಕಾವೇರಿ’ ಜಾಲತಾಣದಿಂದ ಪತ್ರಗಳ ಪ್ರತಿ ಪಡೆದು ಬೆರಳಚ್ಚು ಕದ್ದರೆಂಬ ಆರೋಪದ ಮೇಲೆ ಪೊಲೀಸರು ಬಿಹಾರದವರನ್ನು ಬಂಧಿಸಿದರು. ಪ್ರತಿಗಳಲ್ಲಿ ಬೆರಳಚ್ಚನ್ನು ಮರೆಮಾಡಬೇಕೆಂಬ ಮಾತು ಬಂದದ್ದು ಆ ಮೇಲೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ಮುದಗಲ್ಲಿನ ಕೋಟೆಯನ್ನು ಕಂಡು ಬೆಳೆದ ನಮಗೆ ಹೊಸದೇನಲ್ಲ.

ಈ ಕಳ್ಳತನ ಹೇಗೆ ಸಾಧ್ಯ? ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಲು ಬೇಕಾದವು ಮೂರೇ: ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳು. ಒ.ಟಿ.ಪಿ. ಇಲ್ಲ, ಪಿನ್ ಇಲ್ಲ. ಮೊದಲೆರಡು ನಾವು ಊರಿನ ತುಂಬ ಹಂಚಿದ ಜೆರಾಕ್ಸ್ ಪ್ರತಿಗಳಲ್ಲಿವೆ. ಮೂರನೆಯದನ್ನು ನಾವು ಮುಟ್ಟಿದ ಪ್ರತಿ ಲೋಟದ ಮೇಲೂ ಬಿಟ್ಟು ಬರುತ್ತೇವೆ. ನನ್ನ ನಿವೃತ್ತ ಸಹೋದ್ಯೋಗಿಯೊಬ್ಬರ ಖಾತೆಯಿಂದ ಹೀಗೆಯೇ ಹತ್ತು ಸಾವಿರ ರೂಪಾಯಿ ಹೋಯಿತು. ದೂರು ಕೊಡಲು ಹೋದಾಗ ಬಂದ ಉತ್ತರ: “ನಿಮ್ಮದೇ ಹೆಬ್ಬೆಟ್ಟು ಬಿದ್ದಿದೆಯಲ್ಲ ಸರ್.” ಅವರು ತಮ್ಮ ಹೆಬ್ಬೆರಳನ್ನು ಎತ್ತಿ ತೋರಿಸಿ, “ಇದು ಆ ದಿನ ನನ್ನ ಜೊತೆ ಮನೆಯಲ್ಲೇ ಇತ್ತಪ್ಪ” ಎಂದರಂತೆ. ತನ್ನ ಬೆರಳು ತನ್ನ ಬಳಿಯೇ ಇತ್ತೆಂದು ಸಾಬೀತುಪಡಿಸಬೇಕಾದ ಕಾಲ!

ವಿಚಿತ್ರವನ್ನು ಗಮನಿಸಿ. ದುಡಿದು ಸವೆದ ನಿಜವಾದ ಬೆರಳಿಗೆ ಯಂತ್ರ ಬಾಗಿಲು ತೆರೆಯುವುದಿಲ್ಲ; ಹೊಸದಾಗಿ ಅಚ್ಚು ಹಾಕಿದ ರಬ್ಬರಿನ ಬೆರಳಿಗೆ ತೆರೆಯುತ್ತದೆ. ಬೆರಳು ಜೀವಂತವೋ ಅಲ್ಲವೋ ಎಂದು ಪರೀಕ್ಷಿಸುವ ಹೊಸ ವಿಧಾನವನ್ನು ಆಧಾರ್ ಪ್ರಾಧಿಕಾರ 2023ರಲ್ಲಿ ತಂದಿತು. ಹಣ ಕೊಡುವ ಮಧ್ಯವರ್ತಿಗಳನ್ನು ಸರಿಯಾಗಿ ಪರಿಶೀಲಿಸಬೇಕೆಂದು ರಿಸರ್ವ್ ಬ್ಯಾಂಕು 2025ರಲ್ಲಿ ಆದೇಶಿಸಿತು. ಒಳ್ಳೆಯದೇ. ಆದರೆ ಮೂಲದ ತಪ್ಪು ಬೇರೆ ಕಡೆ ಇದೆ. ಅದನ್ನು ನನಗೆ ತಿಳಿಸಿದ್ದು ನಮ್ಮೂರಿನ ಬಂಡೆ.

1915ರಲ್ಲಿ ಸಿ. ಬೀಡನ್ ಎಂಬ ಗಣಿ ಇಂಜಿನಿಯರ್ ಚಿನ್ನ ಹುಡುಕುತ್ತ ಬಂದು ಮಸ್ಕಿಯ ಶಾಸನವನ್ನು ಕಂಡರು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ಅರಸ ತನ್ನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಕರೆದುಕೊಂಡಿದ್ದ. ಆ ಬಿರುದಿನ ಹಿಂದಿರುವವನು ಅಶೋಕನೇ ಎಂದು ವಿದ್ವಾಂಸರು ಸಿಂಹಳದ ಗ್ರಂಥಗಳ ಆಧಾರದಿಂದ ಊಹಿಸಿದ್ದರು. ‘ದೇವಾನಾಂಪ್ರಿಯ ಅಶೋಕ’ ಎಂದು ಹೆಸರನ್ನೇ ಹೇಳಿ ಅದನ್ನು ದೃಢಪಡಿಸಿದ್ದು ಮಸ್ಕಿ. ನನ್ನ ಶಿಷ್ಯನ ಭಾಷೆಯಲ್ಲಿ, “ಎರಡು ಸಾವಿರ ವರ್ಷಗಳಿಂದ ಬಾಕಿಯಿದ್ದ ಬಳಕೆದಾರನ ಗುರುತು ಪರಿಶೀಲನೆ ನಮ್ಮೂರಲ್ಲಿ ಮುಗಿಯಿತು!”

ಅವನೊಡನೆ ನಾನೂ ನಕ್ಕೆ. ಆದರೆ ರಾತ್ರಿ ಮಲಗಿದಾಗ ಇನ್ನೊಂದು ವಿಚಾರ ಹೊಳೆಯಿತು. ಅಶೋಕ ತನ್ನ ಹೆಸರನ್ನು ಬಂಡೆಯ ಮೇಲೆ ಕೆತ್ತಿಸಿದ, ಏಕೆಂದರೆ ಹೆಸರು ಎಲ್ಲರೂ ಓದಬೇಕಾದದ್ದು. ತನ್ನ ಭಂಡಾರದ ಬೀಗದ ಕೈಯನ್ನು ಆ ಬಂಡೆಗೆ ನೇತುಹಾಕಲಿಲ್ಲ. ಹೆಸರು ಬೇರೆ, ಬೀಗದ ಕೈ ಬೇರೆ. ಹೆಸರು ಬದಲಾಗಬಾರದು, ಬೀಗದ ಕೈ ಬೇಕೆಂದಾಗ ಬದಲಿಸುವಂತಿರಬೇಕು. ಬೆರಳಚ್ಚು ಹುಟ್ಟಿನಿಂದ ಬಂದದ್ದು, ಬದಲಾಗದ್ದು, ಎಲ್ಲೆಡೆ ಉಳಿದುಹೋಗುವಂಥದ್ದು. ಅಂದಮೇಲೆ ಅದು ಹೆಸರಿನ ಜಾತಿಗೆ ಸೇರಿದ್ದು. ಅದನ್ನು ಬೀಗದ ಕೈಯೆಂದು ಬಳಸಿದ್ದೇ ತಪ್ಪು.

ನಾನು ಈ ವ್ಯವಸ್ಥೆಯ ವೈರಿಯಲ್ಲ. ನೂರು ರೂಪಾಯಿಗಾಗಿ ಬಸ್ಸು ಹತ್ತಿ ಲಿಂಗಸುಗೂರಿನ ಬ್ಯಾಂಕಿಗೆ ಹೋಗಿ ಒಂದು ದಿನದ ಕೂಲಿ ಕಳೆದುಕೊಳ್ಳುತ್ತಿದ್ದವರನ್ನು ಕಂಡಿದ್ದೇನೆ. ಬ್ಯಾಂಕು ಓಣಿಗೇ ಬಂದದ್ದು ಸಣ್ಣ ಸಂಗತಿಯಲ್ಲ. ನನ್ನ ಬೇಡಿಕೆ ಇಷ್ಟೇ: ಬೆರಳು ಗುರುತು ಹೇಳಲಿ, ಹಣ ಬಿಡಿಸಲು ಅದರ ಜೊತೆಗೆ ನಾಲ್ಕಂಕಿಯ ಗುಟ್ಟೊಂದಿರಲಿ. ಕೇಳದವರ ಖಾತೆಗೆ ಬೆರಳಿನ ಬಾಗಿಲನ್ನು ತಾನಾಗಿ ತೆರೆದಿಡದಿರಲಿ. ಬೆರಳು ಸವೆದವರಿಗೆ ಸಹಿಯ ದಾರಿಯೂ ಉಳಿಯಲಿ. ಹಣ ಹೋದಾಗ, ಆ ಬೆರಳು ನಿಜವಾದದ್ದೆಂದು ಸಾಧಿಸುವ ಹೊಣೆ ಬ್ಯಾಂಕಿನದಾಗಲಿ.

ಶಿಷ್ಯ ಆಕ್ಷೇಪಿಸಿದ: “ಸರ್, ಆ ಅಜ್ಜಿ ನಾಲ್ಕಂಕಿಯನ್ನೂ ಬ್ಯಾಂಕ್ ಮಿತ್ರನಿಗೇ ಹೇಳಿಬಿಡುತ್ತಾರೆ.” ಹೇಳಲಿ ಬಿಡು. ಬಾಯಿ ತಪ್ಪಿ ಹೇಳಿದ ಗುಟ್ಟನ್ನು ನಾಳೆ ಬದಲಿಸಬಹುದು. ಕಳೆದುಕೊಂಡ ಬೆರಳಚ್ಚನ್ನು ಎಂದು ಬದಲಿಸುವುದು?

ಆಧಾರ್ ಜಾಲತಾಣದಲ್ಲಿ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವಿದೆ. ನಾನು ಹಾಕಿಸಿಕೊಂಡಿದ್ದೇನೆ, ನೀವೂ ಹಾಕಿಸಿಕೊಳ್ಳಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಆದರೆ ಆ ತಾಯಿಗೆ ಈ ಸಲಹೆ ನಿರರ್ಥಕ. ಬೀಗ ಹಾಕಿದರೆ ಪಡಿತರಕ್ಕೊಮ್ಮೆ, ಪಿಂಚಣಿಗೊಮ್ಮೆ ತೆಗೆಯಬೇಕು, ತೆಗೆಯಲು ಮೊಬೈಲು ಬೇಕು, ಅವರಿಗೆ ಮೊಬೈಲಿಲ್ಲ. ರಕ್ಷಣೆ ಇರುವುದು ನನ್ನಂಥ ಓದಿದವನಿಗೆ, ಅಪಾಯ ಮಾತ್ರ ಇಬ್ಬರಿಗೂ ಸಮ.

ಮೊನ್ನೆ ಅವರು ಒಂದು ಅರ್ಜಿ ಹಿಡಿದು ಮನೆಗೆ ಬಂದಿದ್ದರು. ಬೆರಳು ಹೊಂದದವರಿಗೆ ಬೇರೆ ದಾರಿ ಕೊಡಿರೆಂದು ನಾನೇ ಬರೆದುಕೊಟ್ಟೆ. ಶಾಯಿಯ ಡಬ್ಬಿಗಾಗಿ ಮೇಜಿನ ಮೇಲೆ ತಡಕಾಡುತ್ತಿದ್ದೆ. ಅವರು ನನ್ನ ಜೇಬಿನ ಪೆನ್ನು ತೆಗೆದುಕೊಂಡು, “ಬ್ಯಾಡ್ರಿ ಸರ, ನೀವ ಕಲಿಸೀರಲ್ಲ” ಎಂದು ಕೆಳಗೆ ಕುಳಿತು, ಒಂದೊಂದೇ ಅಕ್ಷರ ಕೂಡಿಸಿ ತಮ್ಮ ಹೆಸರು ಬರೆದರು.