ಚಕ್ರದ ಆಯ್ಕೆ: ಹೊಳಪೊಂದೇ ಗುಣವೆ?

ನಮ್ಮ ಹಾರೂಗೇರಿಯ ಕಡೆ ಚಕ್ಕಡಿಗೆ ಹೊಸ ಗಾಲಿ ಮಾಡಿಸುವಾಗ ಹಿರಿಯರು ಮರ ಯಾವುದು, ಹಳಿ ಎಷ್ಟು ದಪ್ಪ, ಎಷ್ಟು ಸುಗ್ಗಿ ಬಾಳೀತು ಎಂದು ವಿಚಾರಿಸುತ್ತಿದ್ದರು. ಗಾಲಿಯ ಅಂದದ ಮಾತು ಕೊನೆಗೆ ಬರುತ್ತಿತ್ತು. ಇಂದು ಕಾರಿಗೆ ಬೇರೆ ಚಕ್ರಗಳನ್ನು ಕೊಳ್ಳುವವರು ಈ ಕ್ರಮವನ್ನು ತಲೆಕೆಳಗು ಮಾಡಿದ್ದಾರೆ.

ಕಳೆದ ಕಬ್ಬಿನ ಹಂಗಾಮಿನಲ್ಲಿ ನನ್ನ ಮಿತ್ರರೊಬ್ಬರು ಕಾರಿನ ಉಕ್ಕಿನ ಚಕ್ರಗಳನ್ನು ತೆಗೆಸಿ, ಎರಡು ಅಂಗುಲ ದೊಡ್ಡದಾದ ಅಲಾಯ್ ಚಕ್ರಗಳನ್ನು ಹಾಕಿಸಿದರು. ಮೂರೇ ತಿಂಗಳಲ್ಲಿ ಗುಂಡಿಯೊಂದಕ್ಕೆ ಇಳಿದ ಚಕ್ರದ ಅಂಚು ಸೀಳಿತು. ಕಾರಿನಲ್ಲಿ ಮಕ್ಕಳಿದ್ದರು. ವೇಗ ಕಡಿಮೆಯಿದ್ದುದರಿಂದ ಯಾರಿಗೂ ಪೆಟ್ಟಾಗಲಿಲ್ಲ.

ಅಲಾಯ್ ಚಕ್ರ ಹಗುರವೆಂಬುದು ಮೊದಲ ವಾದ. ಅಲ್ಯೂಮಿನಿಯಮಿನ ಸಾಂದ್ರತೆ ನೀರಿನ 2.7 ಪಟ್ಟು, ಉಕ್ಕಿನದು ಸುಮಾರು 7.8 ಪಟ್ಟು. ಆದರೆ ಸಾಕಷ್ಟು ಬಲ ಬರಲೆಂದು ಎರಕದ ಚಕ್ರವನ್ನು ದಪ್ಪವಾಗಿ ಮಾಡಬೇಕಾಗುವುದರಿಂದ ತೂಕದ ಉಳಿತಾಯ ಅಲ್ಪವೇ ಸರಿ. ಗಾತ್ರ ಹಿಗ್ಗಿದರೆ ಅದೂ ಉಳಿಯದು.

ಚಕ್ರವೊಂದಕ್ಕೆ 1 ಕಿಲೋಗ್ರಾಂ ಉಳಿಯಿತೆಂದೇ ಎಣಿಸೋಣ. ನಾಲ್ಕಕ್ಕೆ 4 ಕಿಲೋಗ್ರಾಂ. ಚಕ್ರವು ಸಾಗುವುದರೊಡನೆ ಸುತ್ತಲೂ ಬೇಕಾದುದರಿಂದ, ವೇಗವನ್ನು ಹೆಚ್ಚಿಸುವಾಗ ಇದು ಬಹಳವೆಂದರೆ 8 ಕಿಲೋಗ್ರಾಂ ಇಳಿಸಿದಂತೆ. ಜನರೊಡನೆ 1200 ಕಿಲೋಗ್ರಾಂ ತೂಗುವ ಕಾರಿನಲ್ಲಿ ಇದು ಶೇಕಡಾ ಒಂದೂ ಅಲ್ಲ. ಸ್ಪ್ರಿಂಗಿನ ಕೆಳಗಿನ ಭಾರ ತಗ್ಗಿದರೆ ಚಕ್ರ ನೆಲವನ್ನು ಚೆನ್ನಾಗಿ ಹಿಡಿಯುವುದೆಂಬ ಮಾತು ನಿಜ. ಆದರೆ ಉಬ್ಬುತಗ್ಗಿನ ರಸ್ತೆಯಲ್ಲಿ ವೇಗವಾಗಿ ಹೋಗುವವನಿಗೆ ಅದು ಹೆಚ್ಚು ಬೆಲೆಯುಳ್ಳ ಗುಣ.

ಇನ್ನು ಬಾಳಿಕೆ. ಉಕ್ಕು ಪೆಟ್ಟಿಗೆ ಬಾಗುತ್ತದೆ. ಅಲ್ಪಸ್ವಲ್ಪ ನಗ್ಗಿದುದನ್ನು ಊರಿನ ಮೇಸ್ತ್ರಿಯೇ ಕಡಿಮೆ ಖರ್ಚಿನಲ್ಲಿ ಸರಿಪಡಿಸಬಲ್ಲ. ಎರಕದ ಅಲಾಯ್ ಹೆಚ್ಚು ಬಾಗದೆ ಬಿರುಕು ಬಿಡುವ ಸಂಭವವುಂಟು. ಬಿರುಕಿಗೆ ಬೆಸುಗೆ ಹಾಕಿ ಓಡಿಸುವುದು ಅಪಾಯ. ಟೈರಿನ ಹೊರಗಿನ ಅಳತೆ ಬದಲಾಗದೆ ಚಕ್ರ ಮಾತ್ರ ದೊಡ್ಡದಾದರೆ, ಲೋಹಕ್ಕೂ ರಸ್ತೆಗೂ ನಡುವೆ ಇರುವ ಗಾಳಿಯ ಮೆತ್ತೆ ತೆಳುವಾಗಿ ಪೆಟ್ಟು ನೇರವಾಗಿ ತಾಗುತ್ತದೆ. ಮಿತ್ರರ ಚಕ್ರ ಸೀಳಿದುದಕ್ಕೆ ಇದೂ ಕಾರಣವೆಂದು ನನ್ನ ಎಣಿಕೆ.

ಆದುದರಿಂದ ಕಬ್ಬಿನ ಟ್ರಾಕ್ಟರುಗಳ ಭಾರಕ್ಕೆ ಕುಸಿದ ರಸ್ತೆಗಳಲ್ಲಿ ದಿನವೂ ಓಡಾಡುವವರು ಬಾಳಿಕೆಗೆ ಮೊದಲ ಸ್ಥಾನ, ಬೆಲೆಗೆ ಎರಡನೆಯದು, ತೂಕಕ್ಕೆ ಮೂರನೆಯದು ಕೊಡುವುದು ಲೇಸು. ಈ ಅಳತೆಗೋಲಿನಲ್ಲಿ ಉಕ್ಕಿನ ಚಕ್ರವೇ ಗೆಲ್ಲುತ್ತದೆ. ಅಲಾಯ್ ಬೇಕೇ ಬೇಕೆಂಬವರು ಕಾರು ತಯಾರಿಸಿದವರು ಹೇಳಿದ ಅಳತೆಯನ್ನು ಮೀರದಿರಲಿ, ಐ.ಎಸ್.ಐ. ಮುದ್ರೆಯನ್ನೂ ಚಕ್ರ ಹೊರಬಲ್ಲ ಭಾರವನ್ನೂ ನೋಡಿಯೇ ಹಣ ತೆರಲಿ. ಹೊಳಪು ಒಂದೆರಡು ಮಳೆಗಾಲಗಳಲ್ಲಿ ಮಾಸುವುದು. ಮನೆಮಂದಿಯನ್ನು ಹೊತ್ತು ದಿನವೂ ಉರುಳಬೇಕಾದುದು ಚಕ್ರ. ಅದನ್ನು ಹಿರಿಯರಂತೆ ಪ್ರಶ್ನಿಸಿಯೇ ಆರಿಸೋಣ.