ಬ್ರೇಕಿನ ಗಾಳಿಯೂ ಅದರೊಳಗಿನ ನೀರೂ

ಎಂಜಿನ್ ಓಡುತ್ತಿರುವಂತೆಯೇ ನಿಂತಿರುವ ಲಾರಿಯೊಂದು ಇದ್ದಕ್ಕಿದ್ದಂತೆ ಬುಸ್ಸೆಂದು ಉಸಿರು ಬಿಡುವುದನ್ನು ವಾಚಕರು ಕೇಳಿಯೇ ಇರುವರು. ಟೈರಿನ ಗಾಳಿ ಹೋಯಿತೆಂದು ಮಕ್ಕಳು ಬೆಚ್ಚುವುದುಂಟು. ಬ್ರೇಕಿನ ಗಾಳಿಯಿಂದ ನೀರನ್ನು ಬೇರ್ಪಡಿಸುವ ಏರ್ ಡ್ರೈಯರ್ ಎಂಬ ಉಪಕರಣವು ತಾನು ಹಿಡಿದಿಟ್ಟ ನೀರನ್ನು ಹೊರಕ್ಕೆ ಉಗುಳುವ ಸದ್ದು ಅದು. ಆ ಸದ್ದು ಕೇಳಿಬಂದರೆ ಗಾಬರಿಪಡಬೇಕಾದುದಿಲ್ಲ, ಕೇಳದೆಹೋದರೆ ಚಿಂತಿಸಬೇಕು.

ಜಾರ್ಜ್ ವೆಸ್ಟಿಂಗ್‌ಹೌಸನು 1869ರಲ್ಲಿ ರೈಲುಗಾಡಿಯ ಗಾಳಿ ಬ್ರೇಕಿಗೆ ಪೇಟೆಂಟ್ ಪಡೆದಂದಿನಿಂದಲೂ ನೀರಿನ ಪೀಡೆ ಇದರ ಬೆನ್ನು ಬಿಟ್ಟಿಲ್ಲ. ಕಾರಣ ಸರಳವಾದುದು. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿಯು ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹೊರಬಲ್ಲುದು. ಕರಾವಳಿಯ ತೇವದ ದಿನಗಳಲ್ಲಿ 24 ಗ್ರಾಂ ಇದ್ದರೆ ಆಶ್ಚರ್ಯವಲ್ಲ. ಕಂಪ್ರೆಸರು ಇಂಥ ಒಂಬತ್ತು ಘನ ಮೀಟರ್ ಗಾಳಿಯನ್ನು ಒಂದರಷ್ಟು ಸ್ಥಳಕ್ಕೆ ಅಮುಕಿದಾಗ ಟ್ಯಾಂಕಿನಲ್ಲಿ ಎಂಟು ಬಾರ್ ಒತ್ತಡ ಉಂಟಾಗುತ್ತದೆ. ಆವಿಯ ಮೊತ್ತ 216 ಗ್ರಾಂ. ಗಾಳಿಯು ಮೊದಲಿನ ಉಷ್ಣತೆಗೆ ತಣಿದ ಮೇಲೆ ಆ ಒಂದು ಘನ ಮೀಟರಿನಲ್ಲಿ ಆವಿಯಾಗಿ ನಿಲ್ಲಬಲ್ಲುದು 30 ಗ್ರಾಂ ಮಾತ್ರ. ಮಿಕ್ಕ 186 ಗ್ರಾಂ ನೀರಾಗಿಯೇ ತೀರಬೇಕು. ಲಾರಿಯ ಟ್ಯಾಂಕು ಇಷ್ಟು ದೊಡ್ಡದಲ್ಲ, ನಿಜ. ಆದರೆ ಅದು ದಿನಕ್ಕೆ ಎಷ್ಟು ಬಾರಿ ಬರಿದಾಗಿ ತುಂಬುವುದೋ!

ಈ ನೀರು ಕಬ್ಬಿಣಕ್ಕೆ ತುಕ್ಕು ತರುತ್ತದೆ; ವಾಲ್ವುಗಳ ಗ್ರೀಸನ್ನು ತೊಳೆದುಬಿಡುತ್ತದೆ; ಹಿಮಪ್ರದೇಶದಲ್ಲಿ ಕೊಳವೆಯೊಳಗೇ ಗಡ್ಡೆಕಟ್ಟುತ್ತದೆ. ಟ್ಯಾಂಕಿನಲ್ಲಿ ನೀರು ಆಕ್ರಮಿಸಿದಷ್ಟು ಜಾಗದಲ್ಲಿ ಗಾಳಿ ಇರಲಾರದು. ಮಂಗಳೂರು ಬಂದರಿಗೆಂದು ಹೊರೆ ಹೊತ್ತು ಶಿರಾಡಿ ಘಾಟಿಯನ್ನು ಇಳಿಯುವ ಲಾರಿಗೆ ತಿರುವು ತಿರುವಿಗೂ ಬ್ರೇಕು ಬೇಕು. ಅಂಥಲ್ಲಿ ಸಂಗ್ರಹದ ಗಾಳಿ ಕಡಮೆಯಾಗುವುದೆಂದರೆ ಸಾಮಾನ್ಯ ಮಾತಲ್ಲ.

ಡ್ರೈಯರಿನ ಡಬ್ಬಿಯೊಳಗೆ ನೀರಾವಿಯನ್ನು ಮೈಗಂಟಿಸಿಕೊಳ್ಳುವ ಸಣ್ಣ ಹರಳುಗಳಿರುತ್ತವೆ. ಒತ್ತಡವು ಗೊತ್ತಾದ ಮಿತಿಯನ್ನು ಮುಟ್ಟಿದೊಡನೆ ಕಂಪ್ರೆಸರಿಗೆ ಬಿಡುವು ದೊರೆಯುತ್ತದೆ. ತಳದ ವಾಲ್ವು ತೆರೆದು ನೀರು ಸಿಡಿಯುತ್ತದೆ. ಬಳಿಕ ಸ್ವಲ್ಪ ಒಣ ಗಾಳಿ ಹಿಂದಕ್ಕೆ ಹರಿದು ಹರಳುಗಳನ್ನು ಒಣಗಿಸುತ್ತದೆ. ಈ ವಿಶ್ರಾಂತಿಯೇ ಡ್ರೈಯರಿನ ಜೀವಾಳ. ಎಲ್ಲಿಯೋ ಗಾಳಿ ಸೋರುತ್ತಿದ್ದು ಒತ್ತಡ ಮಿತಿಯನ್ನು ಮುಟ್ಟದೆಹೋದರೆ, ಕಂಪ್ರೆಸರು ದುಡಿಯುತ್ತಲೇ ಇರುತ್ತದೆ, ಹರಳುಗಳು ಒಣಗುವುದೇ ಇಲ್ಲ. ಆಗ ಡ್ರೈಯರನ್ನು ಹಳಿದು ಹೊಸ ಡಬ್ಬಿ ತೊಡಿಸುವವರಿದ್ದಾರೆ. ಸೋರಿಕೆ ಇದ್ದಲ್ಲಿಯೇ ಇರುತ್ತದೆ, ಹೊಸ ಡಬ್ಬಿಯೂ ಕೆಲವೇ ದಿನಗಳಲ್ಲಿ ಹಳೆಯದರ ಗತಿಯನ್ನೇ ಕಾಣುತ್ತದೆ.

ನಮ್ಮ ಆಕ್ಷೇಪಣೆ ಇಷ್ಟೆ. ಡ್ರೈಯರ್ ಇಲ್ಲದ ಕಾಲದಲ್ಲಿ ಕ್ಲೀನರನು ದಿನವೂ ಟ್ಯಾಂಕಿನ ತಳದ ವಾಲ್ವನ್ನು ತೆರೆದು ನೀರನ್ನು ಬಿಡುತ್ತಿದ್ದನು. ಡ್ರೈಯರ್ ಬಂದಿತು, ಅಭ್ಯಾಸ ತಪ್ಪಿತು. ನೀರನ್ನು ಬಿಡುವ ಅಗತ್ಯ ತಪ್ಪಿರಬಹುದು. ನೀರು ಇದೆಯೋ ಇಲ್ಲವೋ ಎಂದು ನೋಡುವ ಅಗತ್ಯ ತಪ್ಪಿಲ್ಲ. ಡ್ರೈಯರು ಕೆಟ್ಟುದನ್ನು ತಾನಾಗಿ ಸಾರಿ ಹೇಳುವುದಿಲ್ಲ, ಬ್ರೇಕು ಬಹುಕಾಲ ಎಂದಿನಂತೆಯೇ ಹಿಡಿಯುತ್ತಿರುತ್ತದೆ. ಆದುದರಿಂದ ವಾರಕ್ಕೊಮ್ಮೆಯಾದರೂ ಈ ಪರೀಕ್ಷೆ ನಡೆಯಬೇಕೆಂದು ನಾವು ಒತ್ತಿ ಹೇಳುತ್ತೇವೆ.

ಚಕ್ರಗಳಿಗೆ ಅಡೆ ಕೊಟ್ಟು ಎಂಜಿನ್ ಓಡಿಸಿ, ಒತ್ತಡ ತುಂಬಿದಾಗ ಡ್ರೈಯರು ಉಗುಳುವುದೇ, ಆಮೇಲೆ ಸದ್ದು ನಿಲ್ಲುವುದೇ ಎಂದು ಕಿವಿಗೊಡಬೇಕು. ಸದ್ದು ನಿಲ್ಲದೆ ಸುಯ್ಯೆನ್ನುತ್ತಲೇ ಇದ್ದರೆ ವಾಲ್ವಿನ ದೋಷವನ್ನು ಶಂಕಿಸಬೇಕು. ಎಂಜಿನ್ ನಿಲ್ಲಿಸಿ, ಮುಖವನ್ನು ದೂರವಿರಿಸಿಕೊಂಡು, ಟ್ಯಾಂಕುಗಳ ತಳದ ವಾಲ್ವನ್ನು ತುಸು ತೆರೆದು ಬಿಳಿಯ ಬಟ್ಟೆಯೊಂದನ್ನು ಹಿಡಿಯಬೇಕು. ಹಗಲು ಬಿಸಿಲು, ಇರುಳು ಚಳಿ ಇರುವ ಪ್ರದೇಶದಲ್ಲಿ ಅಲ್ಪ ತೇವ ಕಂಡರೆ ದೋಷವೆಣಿಸಬೇಕಾಗಿಲ್ಲ. ನೀರು ಧಾರೆಯಾಗಿ ಬಂದರೆ ಮೊದಲು ಸೋರಿಕೆಯನ್ನು ಹುಡುಕಬೇಕು, ಅನಂತರ ಡಬ್ಬಿಯ ವಿಚಾರ. ಮಜ್ಜಿಗೆಯಂಥ ದ್ರವ ಬಂದರೆ ನೀರಿನೊಡನೆ ಎಣ್ಣೆಯೂ ಬೆರೆತಿದೆಯೆಂದೇ ಅರ್ಥ. ಎಣ್ಣೆ ಹಿಡಿದ ಹರಳು ನೀರನ್ನು ಹಿಡಿಯಲಾರದು. ಅಂಥ ಡಬ್ಬಿಯನ್ನು ಬದಲಿಸಲೇಬೇಕು. ಎಣ್ಣೆಯನ್ನು ಕಳುಹಿಸುತ್ತಿರುವ ಕಂಪ್ರೆಸರನ್ನೂ ಕೂಡಲೇ ತಪಾಸಣೆ ಮಾಡಬೇಕು.

ಡಬ್ಬಿಯನ್ನು ಇಷ್ಟು ವರ್ಷಕ್ಕೊಮ್ಮೆ ಬದಲಿಸಬೇಕೆಂದು ತಯಾರಕರು ಸೂಚಿಸಿರುತ್ತಾರೆ. ಆ ಅವಧಿಯನ್ನು ಮೀರಬಾರದು. ಆದರೆ ಘಟ್ಟದ ಕೆಳಗೆ ಮಳೆಯಲ್ಲೇ ದುಡಿಯುವ ವಾಹನಕ್ಕೆ ಆ ಅವಧಿಯೂ ದೀರ್ಘವಾದೀತು. ನಿರ್ಣಯಿಸಬೇಕಾದುದು ಬಿಳಿಯ ಬಟ್ಟೆ. ಬದಲಿಸುವ ಮುನ್ನ ಟ್ಯಾಂಕುಗಳ ಗಾಳಿಯನ್ನೆಲ್ಲ ಸಂಪೂರ್ಣವಾಗಿ ಹೊರಬಿಟ್ಟಿರಬೇಕು. ಒತ್ತಡವಿರುವಾಗಲೇ ಕಳಚಹೋದರೆ ಡಬ್ಬಿಯು ಗುಂಡಿನಂತೆ ಹಾರಿ ಕೆಲಸಗಾರನ ಮೇಲೆರಗೀತು.