ಸ್ಕ್ಯಾನ್ ಆದ ಮೇಲೆ ಮುಂದೇನು?

ತಾಲೂಕು ಕಚೇರಿಗಳ ಹಳೇ ಕಡತಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಕೆಲಸ 2024ರಿಂದ ನಡೆಯುತ್ತಾ ಉಂಟು. ಒಳ್ಳೆಯದೇ. ದಕ್ಷಿಣ ಕನ್ನಡದಲ್ಲಿ ಎಷ್ಟೋ ಮನೆಗಳು ನಿಂತಿರುವುದು 1974ರ ಭೂಸುಧಾರಣೆಯ ನಂತರ ಡಿಕ್ಲರೇಶನ್‌ನಲ್ಲಿ ಸಿಕ್ಕಿದ ಜಾಗದಲ್ಲಿ. ಭೂನ್ಯಾಯ ಮಂಡಳಿಯ ಆ ಆದೇಶಕ್ಕೆ ಗೆದ್ದಲು ಹಿಡಿದರೆ ಮೊಮ್ಮಕ್ಕಳ ಕಾಲಕ್ಕೆ ತಕರಾರು ತಪ್ಪಿದ್ದಲ್ಲ.

ಆದರೆ ಸ್ಕ್ಯಾನ್ ಆಯಿತು, ಇನ್ನು ಚಿಂತೆ ಇಲ್ಲ ಅಂತ ಕೂರುವ ಹಾಗಿಲ್ಲ. ಕಾಗದವನ್ನು ಕಪಾಟಿನಲ್ಲಿ ಸುಮ್ಮನೆ ಇಟ್ಟರೂ ಐವತ್ತು ವರ್ಷ ಬಾಳುತ್ತದೆ. ಕಂಪ್ಯೂಟರಿನ ದಾಖಲೆ ಹಾಗಲ್ಲ. ಡಿಸ್ಕ್ ಕೆಡುತ್ತದೆ, ಸಾಫ್ಟ್‌ವೇರ್ ಹಳತಾಗುತ್ತದೆ. ಕೆಲವು ವರ್ಷಕ್ಕೊಮ್ಮೆ ಎಲ್ಲವನ್ನೂ ಹೊಸ ವ್ಯವಸ್ಥೆಗೆ ಸಾಗಿಸಲೇಬೇಕು. ಪೆಟ್ಟು ಬೀಳುವುದು ಈ ಸಾಗಾಟದಲ್ಲಿ.

ಕನ್ನಡಕ್ಕಂತೂ ಇದು ದೊಡ್ಡ ತಲೆನೋವು. ಹಳೇ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡಿಗೆ ಬದಲಿಸುವಾಗ ಒತ್ತಕ್ಷರ ಜಾರುತ್ತದೆ. ನಮ್ಮ ಹೆಸರುಗಳ ಕಥೆ ಕೇಳುವುದೇ ಬೇಡ! ಅಬ್ದುರ್ರಹ್ಮಾನ್, ಅಬ್ದುಲ್ ರಹಿಮಾನ್, ಅದ್ರಾಮ ಬ್ಯಾರಿ – ಊರಿನವರಿಗೆ ಒಬ್ಬನೇ ಮನುಷ್ಯ, ಕಂಪ್ಯೂಟರಿಗೆ ಮೂವರು. ಹಳೇ ರಿಜಿಸ್ಟರಿನಲ್ಲಿ ಗುಮಾಸ್ತರು ‘ಯಾನೆ’ ಅಂತ ಬರೆದು ಸರಿಮಾಡುತ್ತಿದ್ದರು. ಹೊಸ ಡೇಟಾಬೇಸಿನಲ್ಲಿ ಅದಕ್ಕೆ ಕಾಲಂ ಇಡದಿದ್ದರೆ ಆ ಕೊಂಡಿಯೇ ಕಡಿದುಹೋಗುತ್ತದೆ.

‘ಭೂಮಿ’ ಯೋಜನೆಯಲ್ಲಿ ಇದನ್ನು ಕಂಡಿದ್ದೇವೆ. ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಬಂತು, ಕೈಬರಹದ ಪಹಣಿಗೆ ಬೆಲೆ ಹೋಯಿತು. ಲಂಚ ಕಡಿಮೆಯಾದದ್ದೂ ನಿಜ. ಆದರೆ ಟೈಪ್ ಮಾಡುವಾಗ ತಪ್ಪಿದ ಹೆಸರು, ವಿಸ್ತೀರ್ಣ ಸರಿಮಾಡಿಸಲು ಅಲೆದವರು ಜಾಗದ ಯಜಮಾನರೇ.

ಜನನ ದಾಖಲೆಯ ವಿಷಯ ಇನ್ನೂ ಬಿಗಿ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಪಾಸ್‌ಪೋರ್ಟಿನಲ್ಲಿ ಜನ್ಮದಿನಾಂಕದ ಪುರಾವೆ ಜನನ ಪ್ರಮಾಣಪತ್ರ ಒಂದೇ. ಗಲ್ಫ್ ನಂಬಿರುವ ಮನೆಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಸ್ವಿಟ್ಜರ್ಲೆಂಡಿನ ಸರ್ಕಾರಿ ಪತ್ರಾಗಾರದವರು ‘ಸಿಯಾರ್ಡ್’ ಎಂಬ ವಿಧಾನ ಮಾಡಿದ್ದಾರೆ. ಡೇಟಾಬೇಸನ್ನು ಅದರ ಸಾಫ್ಟ್‌ವೇರಿನಿಂದ ಬಿಡಿಸಿ, ಕೋಷ್ಟಕಗಳ ಪರಸ್ಪರ ಸಂಬಂಧದ ಸಮೇತ ಯಾರೂ ಓದಬಹುದಾದ ಮುಕ್ತ ರೂಪದಲ್ಲಿ ಇಡುವುದು. ಸಾಫ್ಟ್‌ವೇರ್ ಮಾಡಿದ ಕಂಪೆನಿ ಮುಚ್ಚಿದರೂ ದಾಖಲೆ ಉಳಿಯುತ್ತದೆ. ನಮ್ಮ ಪಂಚಾಯತ್‌ಗಳ ದಾಖಲೆಗೂ ಇಂಥದ್ದು ಬೇಕು. ಸಾಗಿಸಿದ ಮೇಲೆ ಹಳತು ಹೊಸತು ತಾಳೆ ನೋಡಬೇಕು, ಅದು ಮುಗಿಯುವ ತನಕ ಮೂಲ ಕಾಗದವನ್ನು ವಿಲೇವಾರಿ ಮಾಡಬಾರದು. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬಹುದಾದ ಪ್ರಶ್ನೆ ಇದು.

ಅಷ್ಟರೊಳಗೆ ಡಿಕ್ಲರೇಶನ್ ಆದೇಶ, ಮ್ಯುಟೇಶನ್‌ಗಳ ದೃಢೀಕೃತ ನಕಲು ತೆಗೆದಿಡಿ. ಪಹಣಿಯ ಹೆಸರನ್ನೂ ಆಧಾರಿನ ಹೆಸರನ್ನೂ ಒಟ್ಟಿಗೆ ಇಟ್ಟು ಓದಿ. ವ್ಯತ್ಯಾಸ ಕಂಡರೆ ಮನೆಯ ಹಿರಿಯರು ಇರುವಾಗಲೇ ತಿದ್ದುಪಡಿಗೆ ಅರ್ಜಿ ಹಾಕಿ.